ಮಗನ ಫ್ಲ್ಯಾಟಿನಲ್ಲಿ ಹೊತ್ತು ಹೋಗುತ್ತಿಲ್ಲ, ಏನು ಮಾಡಲಿ?

ಮಳೆಗಾಲ ಹತ್ತಿರ ಬಂದಂತೆ ಕೊಡಗಿನಿಂದ ಒಂದೇ ಬಗೆಯ ಪತ್ರಗಳು ಬರುತ್ತವೆ. ತೋಟದ ಮನೆಗೆ ಬೀಗ ಹಾಕಿ ಬೆಂಗಳೂರಿನ ಮಕ್ಕಳ ಮನೆಗೆ ಹೊರಡುವ ಹಿರಿಯರು ಬರೆಯುವ ಪತ್ರಗಳು. ಈ ಸಲ ಅಂಥ ಎರಡು, ಜೊತೆಗೆ ಉಲ್ಟಾ ದಾರಿ ಹಿಡಿದವರದ್ದು ಒಂದು.

ಪ್ರಶ್ನೆ: ನಾನು ನಿವೃತ್ತ ಕನ್ನಡ ಶಿಕ್ಷಕಿ, ವಯಸ್ಸು 64. ಯಜಮಾನರಿಗೆ 70. ಊರು ವಿರಾಜಪೇಟೆ ಹತ್ತಿರ. ಜೂನ್‌ನಿಂದ ಅಕ್ಟೋಬರ್‌ವರೆಗೆ ವೈಟ್‌ಫೀಲ್ಡ್‌ನಲ್ಲಿ ಮಗನ ಮನೆಯಲ್ಲಿರುತ್ತೇವೆ, ಒಂಬತ್ತನೇ ಮಹಡಿ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ನನಗೆ ಓದುವುದು ಇಷ್ಟ. ಇವರಿಗೆ ತೋಟ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಬೆಳಗ್ಗೆ ಒಂದು ವಾಕಿಂಗ್, ಆಮೇಲೆ ರಾತ್ರಿವರೆಗೆ ಟಿವಿ. ಇಬ್ಬರಿಗೂ ಹಿಡಿಸುವ ಹವ್ಯಾಸ ಹೇಳಿ. ನಾನು ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡಬಹುದೇ?

ಉತ್ತರ: ಮೊದಲು ಒಂದು ಮಾತು. ಇಬ್ಬರಿಗೂ ಒಂದೇ ಹವ್ಯಾಸ ಬೇಡ. ಸಣ್ಣ ಫ್ಲ್ಯಾಟಿನಲ್ಲಿ ದಿನವಿಡೀ ಒಟ್ಟಿಗಿದ್ದು, ಹವ್ಯಾಸವನ್ನೂ ಒಟ್ಟಿಗೇ ಮಾಡಿದರೆ ಜಗಳ ಗ್ಯಾರಂಟಿ. ಇನ್ನೊಂದು, ವಾಕಿಂಗ್ ಬಿಡಬೇಡಿ, ಆದರೆ ಅದನ್ನು ಹವ್ಯಾಸದ ಲೆಕ್ಕಕ್ಕೆ ಹಿಡಿಯಬೇಡಿ. ಅದು ಬಿಪಿ ಮಾತ್ರೆಯ ಸಾಲಿಗೆ ಸೇರಿದ್ದು. ಊರಲ್ಲಿ ಪೇಟೆಗೆ ಹೋದರೆ ನಾಲ್ಕು ಜನ ಮಾತಾಡಿಸುತ್ತಾರೆ, ನಗರದಲ್ಲಿ ಯಾರೂ ಕೇಳುವುದಿಲ್ಲ. ಹಾಗಾಗಿ ಅಲ್ಲಿನ ಹವ್ಯಾಸಕ್ಕೆ ವಾರದಲ್ಲಿ ಗೊತ್ತಾದ ಒಂದು ದಿನ ಇರಬೇಕು. ನೀವು ಬಾರದಿದ್ದರೆ ‘ಯಾಕೆ ಬರಲಿಲ್ಲ?’ ಎಂದು ಕೇಳುವ ಒಬ್ಬರಾದರೂ ಇರಬೇಕು. ನಾನು ಹೇಳುವುದನ್ನೆಲ್ಲ ಈ ಲೆಕ್ಕದಲ್ಲೇ ನೋಡಿ.

ನಿಮ್ಮ ಯಜಮಾನರಿಗೆ ತೋಟ ಬಿಟ್ಟರೆ ಬೇರೇನೂ ಗೊತ್ತಿಲ್ಲ ಅಂದಿರಿ. ಅದೇನು ಸಣ್ಣ ವಿದ್ಯೆಯೇ? ಆ ಅಪಾರ್ಟ್‌ಮೆಂಟಿನ ಎಷ್ಟು ಮನೆಯಲ್ಲಿ ಕಾಳುಮೆಣಸಿನ ಬಳ್ಳಿ ನೋಡಿದವರು ಸಿಗುತ್ತಾರೆ ಹೇಳಿ. ಈ ಸಲ ಹೊರಡುವ ಮುಂಚೆ ತೋಟದಿಂದ ಮೆಣಸಿನ ತುಂಡುಗಳನ್ನು ಕತ್ತರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ ಒಯ್ಯಲಿ. ಮೇಲಕ್ಕೆ ಹತ್ತುವ ಕುಡಿ ಬೇಡ. ಪಕ್ಕಕ್ಕೆ ಚಾಚಿ ಕಾಯಿ ಬಿಡುವ ರೆಂಬೆ ಇರುತ್ತದಲ್ಲ, ಅದರದ್ದು, ಒಂದು ವರ್ಷ ಬಲಿತದ್ದು, ಮೂರರಿಂದ ಐದು ಗೆಣ್ಣಿನಷ್ಟು. ಆ ರೆಂಬೆ ನೆಟ್ಟರೆ ಬಳ್ಳಿ ಹಬ್ಬುವುದಿಲ್ಲ, ಪೊದೆಯಾಗಿ ಕುಂಡದಲ್ಲೇ ಕೂರುತ್ತದೆ. ಇದನ್ನೇ ಬುಷ್ ಪೆಪ್ಪರ್ ಅನ್ನುತ್ತಾರೆ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕೊಟ್ಟಿಗೆ ಗೊಬ್ಬರ ಸಾಕು. ಬೇರು ಬರುವುದು ನಿಧಾನ, ಒಂದು ತಿಂಗಳ ಮೇಲೇ ಹಿಡಿಯುತ್ತದೆ. ಅಲ್ಲಿವರೆಗೆ ತೇವ ಆರದಂತೆ ಮೇಲೆ ಪ್ಲಾಸ್ಟಿಕ್ ಮುಚ್ಚಿಡಬೇಕು. ಎಲ್ಲವೂ ಹಿಡಿಯುವುದಿಲ್ಲ, ಅದಕ್ಕೇ ಹತ್ತಿಪ್ಪತ್ತು ತುಂಡು ಒಯ್ಯಿರಿ. ಬೆಳಗಿನ ಎಳೆ ಬಿಸಿಲು, ಆಮೇಲೆ ನೆರಳು ಸಿಗುವ ಬಾಲ್ಕನಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ನೀರು ನಿಂತರೆ ಬೇರು ಕೊಳೆಯುತ್ತದೆ ಎಂದು ಅವರಿಗೆ ನಾನು ಹೇಳಬೇಕಾಗಿಲ್ಲ.

ಒಂದೆರಡು ವರ್ಷದಲ್ಲಿ ಗೊಂಚಲು ಕಾಣಿಸುತ್ತದೆ. ಆಮೇಲೆ ನೋಡಿ, ಪಕ್ಕದ ಮನೆಯವರು ಒಂದು ಕುಂಡ ಕೇಳುತ್ತಾರೆ. ಮೇಲಿನ ಮಹಡಿಯವರು ಒಣಗಿದ ಕರಿಬೇವಿನ ಗಿಡ ತಂದು ತೋರಿಸುತ್ತಾರೆ. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಕೆಳಗಿನ ಲಾನ್‌ನಲ್ಲಿ ಗಿಡದ ಡಾಕ್ಟರ್ ಸಿಗುತ್ತಾರೆ ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಸೊಸೆಯಿಂದ ಒಂದು ಮೆಸೇಜ್ ಹಾಕಿಸಿ. ದಿನವೂ ಗೊತ್ತಾಯಿತು, ಕೇಳುವವರೂ ಸಿಕ್ಕರು.

ಇನ್ನೊಂದು ಕೆಲಸವೂ ಅವರದ್ದೇ. ಹಲ್ಲಿಂಗ್ ಆದ, ಅಂದರೆ ಸಿಪ್ಪೆ ತೆಗೆದ ಹಸಿರು ಅರೇಬಿಕಾ ಕಾಫಿ ಬೀಜ ಸ್ವಲ್ಪ ಒಯ್ದು ಮನೆಯಲ್ಲೇ ಹುರಿಯಲಿ. ದಪ್ಪ ತಳದ ಕಬ್ಬಿಣದ ಬಾಣಲೆ, ಹದವಾದ ಉರಿ, ಕೈ ಬಿಡದೆ ತಿರುವಬೇಕು. ಹಳದಿಯಾಗಿ, ಕಂದಾಗಿ, ಸುಮಾರು 200 ಡಿಗ್ರಿ ಹತ್ತಿರ ಬಂದಾಗ ಚಟಪಟ ಸಿಡಿಯುತ್ತದೆ. ಆ ಸದ್ದಿನ ನಂತರ ಎಲ್ಲಿ ಇಳಿಸುತ್ತೀರಿ ಎನ್ನುವುದರಲ್ಲೇ ರುಚಿ. ಇಳಿಸಿದ ಕೂಡಲೇ ಅಗಲ ತಟ್ಟೆಗೆ ಸುರಿದು ಆರಿಸಿ, ಒಂದು ದಿನ ಬಿಟ್ಟು ಪುಡಿ ಮಾಡಿ. ಅಡುಗೆಮನೆಯಲ್ಲಿ ಹೊಗೆಯ ಅಲಾರಂ ಇದ್ದರೆ ಕಿಟಕಿ ಪೂರ್ತಿ ತೆರೆದೇ ಶುರು ಮಾಡಿ. ಇಲ್ಲದಿದ್ದರೆ ಮೊದಲು ಬರುವ ಅತಿಥಿ ಸೆಕ್ಯೂರಿಟಿಯವನೇ.

ಈಗ ನಿಮ್ಮ ವಿಷಯ. ಶಿಕ್ಷಕಿ ಅಂದ ಕೂಡಲೇ ಎಲ್ಲರೂ ಟ್ಯೂಷನ್ ಮಾಡಿ ಅನ್ನುತ್ತಾರೆ. ನಾನು ಹೇಳುವುದಿಲ್ಲ. ಅಷ್ಟು ವರ್ಷ ಮಾಡಿದ್ದನ್ನೇ ಮತ್ತೆ ಮಾಡಲು ನಿವೃತ್ತಿ ಯಾಕೆ? ಆದರೆ ತಪ್ಪು ಹುಡುಕುವ ನಿಮ್ಮ ಕಣ್ಣಿಗೆ ಒಳ್ಳೆ ಕೆಲಸ ಉಂಟು. ಇಂಟರ್ನೆಟ್ಟಿನ ಉಚಿತ ಪುಸ್ತಕ ಭಂಡಾರವಾದ ಕನ್ನಡ ವಿಕಿಸೋರ್ಸ್ ನೋಡಿ. ಹಕ್ಕುಸ್ವಾಮ್ಯದ ತೊಡಕಿಲ್ಲದ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ಒಂದು ಕಡೆ ಪುಟದ ಚಿತ್ರ, ಇನ್ನೊಂದು ಕಡೆ ಕಂಪ್ಯೂಟರ್ ಓದಿದ ಅಕ್ಷರ. ಒತ್ತಕ್ಷರ, ದೀರ್ಘ ಎಲ್ಲ ಅದಲುಬದಲಾಗಿರುತ್ತವೆ, ತಿದ್ದಬೇಕು. ತಿದ್ದಿದ ಪುಟ ಹಳದಿ ಬಣ್ಣಕ್ಕೆ ತಿರುಗುತ್ತದೆ. ಇನ್ನೊಬ್ಬರು ನೋಡಿ ಒಪ್ಪಿದರೆ ಹಸಿರು. ದಿನಕ್ಕೆ ಎರಡು ಪುಟ ಮಾಡಿದರೂ ಸಾಕು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಮಾಡಬಹುದು. ವಿರಾಜಪೇಟೆಗೆ ವಾಪಸ್ ಬಂದ ಮೇಲೂ ನಿಲ್ಲಿಸಬೇಕಾಗಿಲ್ಲ, ಇಂಟರ್ನೆಟ್ ಕೈ ಕೊಡದಿದ್ದರೆ.

ಹೊರಗೆ ಹೋಗಲು ಶನಿವಾರ ಬೆಳಗ್ಗೆ ಇಟ್ಟುಕೊಳ್ಳಿ. ಕಬ್ಬನ್ ಪಾರ್ಕಿನಲ್ಲಿ ‘ಕಬ್ಬನ್ ರೀಡ್ಸ್’ ಅಂತ ಒಂದು ಗುಂಪು ಸೇರುತ್ತದೆ. ಮರದ ಕೆಳಗೆ ಚಾಪೆ ಹಾಕಿ ಅವರವರ ಪುಸ್ತಕ ಸುಮ್ನೆ ಓದುತ್ತಾರೆ, ಅಷ್ಟೇ. ಜಾಸ್ತಿ ಜನ ಯುವಕರು, ಆದರೆ ವಯಸ್ಸು ಕೇಳುವವರಿಲ್ಲ. ಮಂಡಿ ಹಿಡಿದುಕೊಂಡರೆ ಮಡಚುವ ಕುರ್ಚಿ ಒಯ್ಯಿರಿ. ವೈಟ್‌ಫೀಲ್ಡ್‌ನಿಂದ ನೇರಳೆ ಮಾರ್ಗದ ಮೆಟ್ರೊ ನೇರ ಅಲ್ಲಿಗೇ ಬಿಡುತ್ತದೆ, ಎಲ್ಲೂ ಬದಲಿಸಬೇಕಾಗಿಲ್ಲ. ಅಲ್ಲೇ ಪಾರ್ಕಿನೊಳಗೆ ಕೆಂಪು ಬಣ್ಣದ ರಾಜ್ಯ ಕೇಂದ್ರ ಗ್ರಂಥಾಲಯವೂ ಇದೆ. ಹತ್ತಿರದ ಓಡಾಟಕ್ಕೆ ಬಿಎಂಟಿಸಿಯ ಸಾಮಾನ್ಯ ಬಸ್ಸು ಹಿಡಿದರೆ, 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ದುಡ್ಡೂ ಇಲ್ಲ. ಆಧಾರ್ ಕಾರ್ಡ್ ಬ್ಯಾಗಿನಲ್ಲಿರಲಿ. ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ.

ಅಂಧ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವ ಬಗ್ಗೆಯೂ ಕೇಳಿದ್ದೀರಿ. ಒಳ್ಳೆಯ ಯೋಚನೆ. ಆದರೆ ಕೆಲವು ಪರೀಕ್ಷೆಗಳಲ್ಲಿ ಬರೆಯುವವರ ಓದು ಪರೀಕ್ಷೆ ಕಟ್ಟಿದವರಿಗಿಂತ ಕಡಿಮೆ ಇರಬೇಕೆಂಬ ನಿಯಮ ಇದೆ. ನಿಮ್ಮ ಡಿಗ್ರಿಯೇ ಅಡ್ಡ ಬರಬಹುದು. ಅದರ ಬದಲು ಪಾಠಗಳನ್ನು ಓದಿ ರೆಕಾರ್ಡ್ ಮಾಡಿಕೊಡಿ. ಪಾಠ ಓದಿ ಪಳಗಿದ ದನಿ ಅದು, ಅಲ್ವಾ?

ಪ್ರಶ್ನೆ: ಸೈನ್ಯದಲ್ಲಿ ಸಿಗ್ನಲ್ಸ್‌ನಲ್ಲಿದ್ದೆ, ಅಂದರೆ ಸಂಪರ್ಕ ವಿಭಾಗದಲ್ಲಿ. ಈಗ 66. ಊರು ಗೋಣಿಕೊಪ್ಪ. ಹೆಂಡತಿ ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಮಗಳ ಜೊತೆ ಇದ್ದೇನೆ. ಮೊದಲು ಹಾಕಿ ಆಡುತ್ತಿದ್ದೆ, ಈಗ ಮಂಡಿ ಬಿಡುವುದಿಲ್ಲ. ಪಾರ್ಕಿನ ಗುಂಪಿನಲ್ಲಿ ಬರೀ ಷೇರು, ರಾಜಕೀಯ. ಸಂಜೆ ಒಂದು ಪೆಗ್ ಇತ್ತು, ಈಗ ಮೂರಾಗಿದೆ. ಮಗಳಿಗೆ ಬೇಜಾರು. ಏನಾದರೂ ದಾರಿ ಹೇಳಿ.

ಉತ್ತರ: ಮುಚ್ಚಿಡದೆ ಬರೆದಿದ್ದೀರಿ, ಒಳ್ಳೆಯದಾಯಿತು. ನಿಮ್ಮ ತೊಂದರೆ ಇಡೀ ದಿನದ್ದಲ್ಲ, ಸಂಜೆ ಆರರಿಂದ ಒಂಬತ್ತರದ್ದು. ಬೆಳಗ್ಗೆ ಎಷ್ಟು ಒಳ್ಳೆ ಹವ್ಯಾಸ ಇಟ್ಟುಕೊಂಡರೂ ಬಾಟಲಿಗೆ ಅದು ಅಡ್ಡ ಬರುವುದಿಲ್ಲ. ಆ ಮೂರು ಗಂಟೆಗೇ ಕೆಲಸ ಬೇಕು.

ಸಿಗ್ನಲ್ಸ್‌ನಲ್ಲಿದ್ದವರು ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳು ಲೈಸೆನ್ಸ್ ಪಡೆದು ತಮ್ಮತಮ್ಮಲ್ಲೇ ಮಾತಾಡುವ ರೇಡಿಯೊ, ಯಾಕೆ ಹಿಡಿಯಬಾರದು? ಬೆಂಗಳೂರಿನಲ್ಲಿ ಹ್ಯಾಮ್‌ಗಳು ಬೇಕಾದಷ್ಟು ಜನ ಇದ್ದಾರೆ. ಲೈಸೆನ್ಸಿಗೆ ಕೇಂದ್ರ ಸರ್ಕಾರದ ಪರೀಕ್ಷೆ ಇದೆ, ಎರಡು ದರ್ಜೆ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ (ಚುಕ್ಕಿ, ಗೆರೆಗಳ ಸಂಕೇತ ಲಿಪಿ) ಬೇಡ, ಜನರಲ್‌ಗೆ ಬೇಕು. ಮೋರ್ಸ್ ಕಲಿಯಲು ಹೊಸಬರು ಒದ್ದಾಡುತ್ತಾರೆ. ನಿಮಗೆ ಹಳೇ ಕೈ ಇದ್ದರೆ ನೀವೇ ನಾಲ್ಕು ಜನರಿಗೆ ಕಲಿಸಬಹುದು. ಲೈಸೆನ್ಸ್ ಸಿಗುವವರೆಗೆ ರಿಸೀವರ್ ಹಿಡಿದು ಕೇಳುತ್ತಾ ಕೂರಿ. ಸಂಜೆ ದೂರದ ಕೇಂದ್ರಗಳು ಚೆನ್ನಾಗಿ ಸಿಗುತ್ತವೆ. ಮೂರನೇ ಪೆಗ್ ಹಾಕಿದವರಿಗೆ ಮೋರ್ಸ್ ಅರ್ಥವಾಗುವುದು ಕಷ್ಟ, ಅದು ಇದರ ಇನ್ನೊಂದು ಲಾಭ.

ವಾರದಲ್ಲಿ ಒಂದು ಸಂಜೆ ನಾಟಕಕ್ಕೆ ಹೋಗಿ. ಜೆ.ಪಿ. ನಗರದ ರಂಗಶಂಕರದಲ್ಲಿ ಸಾಮಾನ್ಯವಾಗಿ ಏಳೂವರೆಗೆ ಶುರು. ಒಂದು ನಿಮಿಷ ತಡವಾದರೂ ಬಾಗಿಲು ತೆರೆಯುವುದಿಲ್ಲ. ಸೈನ್ಯದವರಿಗೆ ಈ ಶಿಸ್ತು ಹಿಡಿಸಬಹುದು. ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಸಂಜೆ ಹೊತ್ತು ಉಪನ್ಯಾಸ, ಸಂಗೀತ ಇರುತ್ತದೆ. 1945ರಿಂದ ನಡೆದು ಬಂದ ಸಂಸ್ಥೆ. ಅಲ್ಲಿ ನಿಮ್ಮ ವಯಸ್ಸಿನವರು ಧಾರಾಳ.

ಹಾಕಿ ಬಿಡಬೇಡಿ. ಶಾಂತಿನಗರದ ಹಾಕಿ ಸ್ಟೇಡಿಯಂನಲ್ಲಿ ಲೀಗ್ ಪಂದ್ಯಗಳಿದ್ದಾಗ ಹೋಗಿ ಕೂರಿ. ಸ್ಕೋರ್, ಸಮಯ ಬರೆದುಕೊಳ್ಳುವ ಮೇಜಿನ ಕೆಲಸ ಕಲಿಯಿರಿ, ಅದಕ್ಕೆ ಮಂಡಿ ಬೇಡ. ಏಪ್ರಿಲ್ ಹೊತ್ತಿಗೆ ಕೊಡಗಿನ ಕುಟುಂಬಗಳ ಹಾಕಿ ಹಬ್ಬಕ್ಕೆ ಬಂದರೆ ಆ ಕಲಿಕೆ ಅಲ್ಲಿಗೂ ಆಗುತ್ತದೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅದನ್ನು ಶುರು ಮಾಡಿದ್ದು ನಿಮಗೆ ನೆನಪಿರುತ್ತದೆ. ಈಗ ಸೇರುವಷ್ಟು ತಂಡಗಳಿಗೆ ಮೇಜಿನ ಕೆಲಸಕ್ಕೆ ಎಷ್ಟು ಜನ ಇದ್ದರೂ ಸಾಲದು.

ಒಂದು ಕಟ್ಟುನಿಟ್ಟಿನ ಮಾತು. ಎರಡು ತಿಂಗಳು ಹೀಗೆ ನಡೆಸಿಯೂ ಮೂರು ಪೆಗ್ ಇಳಿಯದಿದ್ದರೆ ಅಥವಾ ಕುಡಿಯದ ದಿನ ಕೈ ನಡುಗಿದರೆ, ಅದು ಹವ್ಯಾಸದಿಂದ ಸರಿಯಾಗುವುದಲ್ಲ. ಕೈ ನಡುಗುವವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಡಾಕ್ಟರ್ ಹತ್ತಿರ ಹೋಗಿ. ಬೆಂಗಳೂರಿನಲ್ಲೇ ಇದ್ದೀರಿ, ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಹೆಂಡತಿ ಹೋದ ದುಃಖವನ್ನೂ ಅಲ್ಲಿ ಹೇಳಿಕೊಳ್ಳಬಹುದು.

ಪ್ರಶ್ನೆ: ಬ್ಯಾಂಕ್ ಕೆಲಸ ಮುಗಿಸಿ ಬೆಂಗಳೂರು ಬಿಟ್ಟು ಮಡಿಕೇರಿಗೆ ಬಂದೆ. ಬೇಸಿಗೆ ಚೆನ್ನಾಗಿತ್ತು. ಜೂನ್ ಬಂದ ಮೇಲೆ ಮನೆಯಿಂದ ಹೊರಗೆ ಕಾಲಿಡಲು ಆಗುತ್ತಿಲ್ಲ. ನಗರದಲ್ಲಿದ್ದಾಗ ಸಂಗೀತ ಕಛೇರಿ, ನಾಟಕ ಎಲ್ಲ ಇತ್ತು. ಇಲ್ಲಿ ಏನಿದೆ?

ಉತ್ತರ: ಇಲ್ಲಿ ಮಳೆ ಇದೆ. ತಮಾಷೆ ಅಲ್ಲ, ಅದನ್ನೇ ಹವ್ಯಾಸ ಮಾಡಿಕೊಳ್ಳಿ. ಕೊಡಗಿನ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ಪದ್ಧತಿ ಹಿಂದಿನಿಂದಲೂ ಇದೆ. ಒಂದು ಮಳೆಮಾಪಕ ತನ್ನಿ. ಮರ, ಸೂರು ಯಾವುದೂ ಮೇಲೆ ಬಾರದ ಬಯಲಲ್ಲಿ ಇಡಿ. ದಿನಾ ಬೆಳಗ್ಗೆ 8.30ಕ್ಕೆ ನೋಡಿ, ಹವಾಮಾನ ಇಲಾಖೆಯೂ ದಿನದ ಮಳೆ ಲೆಕ್ಕ ಹಾಕುವುದು ಆ ಹೊತ್ತಿಗೇ. ಇಲ್ಲಿ ಹಳಬರು ಇಂಚು, ಸೆಂಟು ಅನ್ನುತ್ತಾರೆ. ಒಂದು ಇಂಚು ಅಂದರೆ 25.4 ಮಿಲಿಮೀಟರ್, ನೂರು ಸೆಂಟು. ಲೆಡ್ಜರ್ ಬರೆದ ಕೈಗೆ ಇದು ಕಷ್ಟವೇ ಅಲ್ಲ. ಜೋರು ಮಳೆ ಬೀಳುವ ಮೊಣ್ಣಂಗೇರಿಯವರನ್ನೋ ಭಾಗಮಂಡಲದವರನ್ನೋ ಪರಿಚಯ ಮಾಡಿಕೊಂಡು ದಿನಾ ಲೆಕ್ಕ ಹೋಲಿಸಿ ನೋಡಿ. ‘ನಿಮಗೆಷ್ಟು ಬಿತ್ತು?’ ಅಂತ ಫೋನ್ ಮಾಡಿದರೆ ಇಲ್ಲಿ ಯಾರೂ ಬೇಗ ಫೋನ್ ಇಡುವುದಿಲ್ಲ.