ವರ್ಷದ ಕೊನೆಗೆ ಇಷ್ಟದ ಹೊಸ ಹಾಡುಗಳಿಗೆ ರ್‍ಯಾಂಕ್ ಕೊಡುವುದು ಯಾಕಿಷ್ಟು ಕಷ್ಟ?

ಮೊದಲ ತೊಂದರೆ ಕ್ಯಾಲೆಂಡರಿನದು. ಜನವರಿಯ ಹಾಡು ಅಷ್ಟೊತ್ತಿಗೆ ಬಾಯಿಪಾಠ ಆಗಿರುತ್ತೆ, ಡಿಸೆಂಬರಿನದು ಇನ್ನೂ ಕಿವಿಗೆ ಹೊಸದು. ‘ಕಾಟೇರ’ ತೆರೆಗೆ ಬಂದದ್ದು 2023ರ ಡಿಸೆಂಬರ್ 29ಕ್ಕೆ. ಅದರ ಹಾಡುಗಳನ್ನು ಥಿಯೇಟರಿನಲ್ಲೇ ಮೊದಲು ಕೇಳಿದವರು ಯಾವ ವರ್ಷಕ್ಕೆ ಸೇರಿಸಬೇಕು? ಯಾವ ಹಾಡು ಎಷ್ಟು ಸಲ ಕೇಳಿದಿರಿ ಅಂತ ಸ್ಪಾಟಿಫೈ ಆ್ಯಪ್ ಕೊಡುವ ವರ್ಷದ ಲೆಕ್ಕವಂತೂ ಅಷ್ಟರಲ್ಲಿ ಎಲ್ಲರ ಸ್ಟೇಟಸ್ಸಿನಲ್ಲಿ ಹಳತಾಗಿತ್ತು.

ಅದೇ ವರ್ಷ ‘ಸಪ್ತ ಸಾಗರದಾಚೆ ಎಲ್ಲೋ’ ಸೆಪ್ಟೆಂಬರಿನಲ್ಲಿ ಒಂದು, ನವೆಂಬರಿನಲ್ಲಿ ಇನ್ನೊಂದು ಭಾಗವಾಗಿ ಬಂತು. ಎರಡಕ್ಕೂ ಚರಣ್ ರಾಜ್ ಸಂಗೀತ. ಒಂದು ಆಲ್ಬಮ್ಮಾ, ಎರಡಾ? ನಾನು ಒಂದೇ ಅಂತೀನಿ, ಸುಮ್ನೆ ಜಗಳ ಬೇಡ.

ಕೇಳಿದ ಲೆಕ್ಕವನ್ನೂ ನಂಬಬೇಡಿ. ನನ್ನ ಪಟ್ಟಿಯಲ್ಲಿ ಮೊದಲು ಬಂದದ್ದು ಪಾತ್ರೆ ತೊಳೆಯುವಾಗ ಹಾಕಿಕೊಳ್ಳುವ ಹಾಡು. ನಿಜಕ್ಕೂ ಕಾಡಿದ್ದನ್ನು ಎರಡೇ ಸಲ ಕೇಳಿದ್ದೆ. ಮೂರನೇ ಸಲಕ್ಕೆ ಅಳು ಬರುತ್ತೆ.