ಹಳೇಬೀಡಿನಲ್ಲಿ ನಡೆದೇ ಒಂದು ಸುತ್ತು: ಪುಷ್ಪಗಿರಿ, ಹುಲಿಕೆರೆ, ಬಸ್ತಿಹಳ್ಳಿ

ನಿಮ್ಮ ಪ್ರಶ್ನೆ ಇಷ್ಟು: ಹಳೇಬೀಡಿನಲ್ಲಿ ಗಾಡಿ ನಿಲ್ಲಿಸಿ, ಹೊಯ್ಸಳೇಶ್ವರ ದೇವಸ್ಥಾನ ಒಂದನ್ನೇ ನೋಡಿ ಹೊರಡದೆ, ಅಕ್ಕಪಕ್ಕದ ಊರುಗಳನ್ನೂ ನಡೆದೇ ಸುತ್ತಿ ಸಂಜೆಗೆ ಗಾಡಿಯ ಹತ್ತಿರ ಬರಬಹುದೇ? ಬರಬಹುದು. ಎಲ್ಲ ಸೇರಿ ಸುಮಾರು ಹತ್ತು ಕಿಲೋಮೀಟರ್. ಪುಷ್ಪಗಿರಿ ಬಿಟ್ಟರೆ ಏರು ಅನ್ನುವಂಥದ್ದು ಇಲ್ಲ. ಆದರೆ ಎಲ್ಲರೂ ಮಾಡುವ ಕ್ರಮದಲ್ಲಿ ಮಾಡಬೇಡಿ, ಉಲ್ಟಾ ಮಾಡಿ.

ಎಲ್ಲರೂ ಮೊದಲು ದೊಡ್ಡ ದೇವಸ್ಥಾನಕ್ಕೆ ನುಗ್ಗುತ್ತಾರೆ. ಅಲ್ಲೇ ಮೂರು ಗಂಟೆ ಕಳೆದು, ಉರಿಬಿಸಿಲಲ್ಲಿ ಬೆಟ್ಟದ ಕಡೆ ಹೊರಟು, ಅರ್ಧ ದಾರಿಗೇ ಆಟೋ ಹುಡುಕುತ್ತಾರೆ. ಇನ್ನೊಂದು ನಷ್ಟವೂ ಇದೆ. ಹೊಯ್ಸಳೇಶ್ವರದ ಮುಖ ಪೂರ್ವಕ್ಕೆ, ಆದರೆ ಅತ್ಯುತ್ತಮ ಕೆತ್ತನೆ ಇರುವುದು ಹಿಂದಿನ ಪಶ್ಚಿಮದ ಗೋಡೆಯಲ್ಲಿ. ಬೆಳಿಗ್ಗೆ ಅದು ನೆರಳಲ್ಲಿರುತ್ತದೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗಲೇ ಬಳಪದ ಕಲ್ಲಿನ ಆಳ ಕಾಣುವುದು. ಹಾಗಾಗಿ ದೊಡ್ಡ ದೇವಸ್ಥಾನ ಕೊನೆಗಿರಲಿ.

ಆರೂವರೆ, ಏಳಕ್ಕೆಲ್ಲ ಪುಷ್ಪಗಿರಿಯ ಕಡೆ ಹೊರಡಿ. ಊರಿನಿಂದ ಮೂರು ಕಿಲೋಮೀಟರ್ ಒಳಗೇ. ಮೇಲೆ ಮಲ್ಲಿಕಾರ್ಜುನ ದೇವಸ್ಥಾನ ಇದೆ, ಮೇಲಿನವರೆಗೂ ಗಾಡಿ ರಸ್ತೆ ಇದೆ. ಮೇಲೆ ನಿಂತರೆ ದ್ವಾರಸಮುದ್ರ ಕೆರೆ ಮತ್ತು ಹಳೇಬೀಡು ಒಟ್ಟಿಗೆ ಕಾಣುತ್ತವೆ. ಹೊಯ್ಸಳರ ರಾಜಧಾನಿ ಇಲ್ಲಿ ಯಾಕೆ ಬಂತು ಎನ್ನುವುದಕ್ಕೆ ಉತ್ತರವೂ ಆ ಕೆರೆಯೇ. ಊರ ಪಕ್ಕದಲ್ಲಿ ಹೊಳೆ ಇಲ್ಲ, ಯಗಚಿ ಹರಿಯುವುದು ಬೇಲೂರಿನ ಕಡೆ. ಅಲ್ಲಿಂದ ರಣಘಟ್ಟದ ಒಡ್ಡಿನ ಮೂಲಕ ಕಾಲುವೆಯಲ್ಲಿ ನೀರು ತರುವ ಏರ್ಪಾಡು ಹೊಯ್ಸಳರ ಕಾಲದಲ್ಲೇ ಇತ್ತು. ಬೇಸಿಗೆಯಲ್ಲಿ ಹೋದರೆ ಕೆರೆಯ ನೀರು ತಳ ಹಿಡಿದಿರಬಹುದು. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್‌ನಿಂದ ಜನವರಿವರೆಗೆ, ಹೋಗುವುದು ಒಳ್ಳೆಯದು.

ಬೆಟ್ಟ ಇಳಿದು ಹುಲಿಕೆರೆ ಊರನ್ನು ಕೇಳಿ. ಮೊಬೈಲ್ ಮ್ಯಾಪ್ ತೋರಿಸುವ ಅಡ್ಡದಾರಿಗಳನ್ನು ನಂಬಬೇಡಿ. ಮುಸುಕಿನ ಜೋಳ ಎದೆಯೆತ್ತರ ಬೆಳೆದಿರುವಾಗ ಅವು ಯಾರದೋ ಹೊಲದ ಬೇಲಿಗೆ ಹೋಗಿ ನಿಲ್ಲುತ್ತವೆ. ಟಾರು ರಸ್ತೆ ಹಿಡಿದರೆ ಸ್ವಲ್ಪ ದೂರ ಹೆಚ್ಚಾದರೂ ಸಮಯ ಉಳಿಯುತ್ತದೆ. ಸುಗ್ಗಿಯಲ್ಲಿ ರಸ್ತೆ ಮೇಲೆ ರಾಗಿ ಹರಡಿದ್ದರೆ ಅಂಚಿನಲ್ಲಿ ನಡೆಯಿರಿ, ತುಳಿದುಕೊಂಡು ಹೋಗಬೇಡಿ.

ಹುಲಿಕೆರೆಯ ಕಲ್ಯಾಣಿ ಈ ಸುತ್ತಿನ ಅಸಲಿ ಲಾಭ, ಹಳೇಬೀಡಿಗೆ ಬರುವ ಬಹಳಷ್ಟು ಜನ ನೋಡದೇ ಹೋಗುವ ಜಾಗ. 12ನೇ ಶತಮಾನದ ಮೆಟ್ಟಿಲುಬಾವಿ. ಸುತ್ತ ಪುಟ್ಟ ಪುಟ್ಟ ಗುಡಿಗಳಿವೆ, ಒಟ್ಟು 27. ಇಪ್ಪತ್ತೇಳು ನಕ್ಷತ್ರಗಳಿಗೆ ಎಂದು ಹೇಳುವುದುಂಟು. ಮೇಲಿನಿಂದ ಫೋಟೊ ತೆಗೆದು ಹೊರಡಬೇಡಿ. ಒಂದು ಮಗ್ಗುಲಲ್ಲಿ ಕೂತು ಎದುರಿನ ಗುಡಿಗಳ ಸಾಲು ನೋಡಿದರೆ ಅಳತೆ ಅರ್ಥವಾಗುತ್ತದೆ. ನೀರಿನ ಹತ್ತಿರದ ಮೆಟ್ಟಿಲುಗಳಲ್ಲಿ ಪಾಚಿ ಇರುತ್ತದೆ, ಜಾರಿದರೆ ಹಿಡಿಯಲು ಏನೂ ಇಲ್ಲ, ಮಕ್ಕಳ ಕೈ ಬಿಡಬೇಡಿ. ಗೇಟಿಗೆ ಬೀಗ ಇದ್ದರೆ ಊರವರನ್ನು ವಿಚಾರಿಸಿ, ಗೋಡೆ ಹಾರಬೇಡಿ.

ಅಲ್ಲಿಂದ ಹಳೇಬೀಡಿನ ಕಡೆ ತಿರುಗಿದರೆ ಕೇದಾರೇಶ್ವರ. ಇಮ್ಮಡಿ ವೀರಬಲ್ಲಾಳ ಮತ್ತು ಅವನ ರಾಣಿ ಕೇತಲದೇವಿ ಕಟ್ಟಿಸಿದ್ದು, ಕಾಲ 1219. ಗೋಪುರ ಯಾಕಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಶಿಖರದ ಸಂದಿನಲ್ಲಿ ಮರ ಬೇರೂರಿ ಕಲ್ಲುಗಳನ್ನು ಬಿಡಿಸಿ ಕೆಡವಿತು, ಆಮೇಲೆ ಗೋಡೆಗಳನ್ನು ಮತ್ತೆ ಜೋಡಿಸಿದ್ದಾರೆ. ಇಲ್ಲಿ ಪೂಜೆ ಇಲ್ಲ, ಗದ್ದಲವೂ ಇಲ್ಲ. ಅರ್ಧ ಗಂಟೆ ಸಾಕು.

ಕೆಲವೇ ಹೆಜ್ಜೆಗಳಲ್ಲಿ ಬಸ್ತಿಹಳ್ಳಿಯ ಬಸದಿಗಳು: ಪಾರ್ಶ್ವನಾಥ, ಆದಿನಾಥ, ಶಾಂತಿನಾಥ. ಪಾರ್ಶ್ವನಾಥ ಬಸದಿ 1133ರದು, ಸೇನಾಪತಿ ಗಂಗರಾಜನ ನೆನಪಿಗೆ ಮಗ ಬೊಪ್ಪ ಕಟ್ಟಿಸಿದ್ದು. ಯುದ್ಧದಲ್ಲಿ ಗೆಲುವಿನ ಸುದ್ದಿ ಮತ್ತು ಮಗ ಹುಟ್ಟಿದ ಸುದ್ದಿ ಒಟ್ಟಿಗೆ ಬಂದಾಗ ಹೊಯ್ಸಳ ರಾಜ ವಿಷ್ಣುವರ್ಧನ ದೇವರಿಗೆ ವಿಜಯ ಪಾರ್ಶ್ವ ಎಂದೂ, ಮಗುವಿಗೆ ವಿಜಯ ನರಸಿಂಹ ಎಂದೂ ಹೆಸರಿಟ್ಟ. ಹೊರಗೋಡೆಗಳು ಸಪ್ಪೆ, ಅದನ್ನು ನೋಡಿ ವಾಪಸ್ ಹೋಗುವವರಿದ್ದಾರೆ, ಪಾಪ. ಬಸದಿಯ ಗುಟ್ಟು ಒಳಗಿದೆ. ತಿರುಗಣಿಯಲ್ಲಿ ಕಡೆದ ಕಂಬಗಳ ಹೊಳಪು ಎಷ್ಟೆಂದರೆ ಮುಖ ಕಾಣುತ್ತದೆ. ಹೊರಗಿನ ಬಿಸಿಲಿನಿಂದ ಒಳಗೆ ಬಂದರೆ ಕಣ್ಣು ಕತ್ತಲಿಗೆ ಹೊಂದಲು ಎರಡು ನಿಮಿಷ ಬೇಕು, ಆಮೇಲೇ ಛಾವಣಿ ನೋಡಿ. ನಡುಹಗಲಿನ ಬಿಸಿಲನ್ನು ಕಳೆಯಲು ಇದೇ ಜಾಗ.

ಊಟಕ್ಕೆ ಬಸ್ ನಿಲ್ದಾಣದ ಕಡೆ ಬನ್ನಿ. ಬೆಟ್ಟ, ಹುಲಿಕೆರೆ ಕಡೆ ಹೋಟೆಲು ನಂಬಿಕೊಂಡು ಹೋಗಬೇಡಿ, ಒಬ್ಬರಿಗೆ ಎರಡು ಲೀಟರ್ ನೀರು, ಒಂದಿಷ್ಟು ಬಾಳೆಹಣ್ಣು ಇರಲಿ.

ಮೂರು ಗಂಟೆಗೆ ಹೊಯ್ಸಳೇಶ್ವರ. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಜಗತಿಯ (ದೇವಸ್ಥಾನ ನಿಂತಿರುವ ಕಟ್ಟೆಯ) ಕಲ್ಲು ಕಾದ ಕಾವಲಿಯಂತೆ ಇರುತ್ತದೆ, ಕಾಲುಚೀಲ ಚೀಲದಲ್ಲಿರಲಿ. ಗೋಡೆಯನ್ನು ಬುಡದಿಂದ ಓದಿ: ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಅದರ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು, ಮಕರ, ಹಂಸ. ಕಥೆಗಳ ಮೇಲಿರುವ ದೊಡ್ಡ ವಿಗ್ರಹಗಳಲ್ಲಿ ಕೈಲಾಸ ಎತ್ತುವ ರಾವಣ, ಗೋವರ್ಧನ ಎತ್ತುವ ಕೃಷ್ಣ ತಪ್ಪಿಸಬೇಡಿ. ನಡೆಯುವುದು ಪ್ರದಕ್ಷಿಣೆಯ ದಿಕ್ಕಿನಲ್ಲೇ. ಕೆಲಸ 1121ರ ಹೊತ್ತಿಗೆ ಶುರುವಾಯಿತು, 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫೂರನ ದಾಳಿಯಾಯಿತು. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿತು. ಗರುಡಗಂಬವನ್ನು ಮಾತ್ರ ಮರೆಯಬೇಡಿ. ಇಮ್ಮಡಿ ಬಲ್ಲಾಳ ಸತ್ತಾಗ ಅವನೊಂದಿಗೆ ಪ್ರಾಣ ಬಿಟ್ಟ ಅಂಗರಕ್ಷಕ ಕುವರ ಲಕ್ಷ್ಮನ ನೆನಪಿನದು, ಕಂಬದ ಮೇಲೆ ತಲೆ ಕತ್ತರಿಸಿಕೊಳ್ಳುವ ವೀರರ ಚಿತ್ರಗಳಿವೆ. ಗೈಡ್ ಬೇಕಿದ್ದರೆ ಪರವಾನಗಿ ಇರುವವರನ್ನು ಕೇಳಿ, ದರ ಮೊದಲೇ ಮಾತಾಡಿ.

ಪಕ್ಕದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಅದನ್ನು ನೋಡಿಕೊಂಡು ದಿನ ಗೊತ್ತುಮಾಡಿ. ಬಸ್ಸಿನಲ್ಲಿ ಬರುವುದಾದರೆ ಬೇಲೂರು ಹದಿನಾರು ಕಿಲೋಮೀಟರ್, ಹಾಸನ ಮೂವತ್ತರ ಆಸುಪಾಸು. ವಾಪಸ್ ಬಸ್ ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆ ಇಳಿದಾಗಲೇ ಕಂಡಕ್ಟರನ್ನು ಕೇಳಿಕೊಂಡಿರಿ.