ತಪ್ಪು ಮಾಡಿದವನ ಮೇಲೆ ಕನಿಕರವೇಕೆ?

ಪ್ರಶ್ನೆ: ಕಬ್ಬಿನ ಬಾಕಿ ಹಣ ಬಂದ ದಿನವೇ ನನ್ನ ತಮ್ಮ ಕುಡಿದು ಬಂದು, ಅಮ್ಮನ ಮುಂದಿದ್ದ ಊಟದ ತಟ್ಟೆಯನ್ನು ಒದ್ದ. ನಾನು ಹೆಂಡ ಮುಟ್ಟಿದವನೇ ಅಲ್ಲ. ಅವನನ್ನು ಅರ್ಥ ಮಾಡಿಕೊಳ್ಳಬೇಕೆಂದು ಎಲ್ಲರೂ ನನಗೇ ಹೇಳುವುದೇಕೆ?
– ಓದುಗರೊಬ್ಬರು, ಮದ್ದೂರು

ಉತ್ತರ: ತಟ್ಟೆ ಒದ್ದದ್ದು ತಪ್ಪೇ. ಅದನ್ನು ತಮ್ಮನಿಗೆ ನೇರವಾಗಿ ಹೇಳಿ. ಅಮ್ಮನ ರಕ್ಷಣೆಯ ವಿಷಯದಲ್ಲಿ ಯಾವ ಸಡಿಲಿಕೆಯೂ ಬೇಡ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ‘ಮುಟ್ಟಿದವನೇ ಅಲ್ಲ’ ಎಂಬ ಮಾತು. ಇನ್ನೊಬ್ಬರ ನಡತೆಗೆ ಅವರ ಸ್ವಭಾವವನ್ನೇ ಹೊಣೆಯಾಗಿಸಿ, ಸಂದರ್ಭದ ಒತ್ತಡವನ್ನು ಕಡೆಗಣಿಸುವ ನಮ್ಮೆಲ್ಲರ ದೋಷಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿ ಹೆಸರನ್ನೇ ಕೊಟ್ಟರು. ತಿಂಗಳುಗಟ್ಟಲೆ ಕಾದ ಕಬ್ಬಿನ ಹಣ ಬಂದ ದಿನವೇ ಸಾಲ ಕೊಟ್ಟವರ ಪಾಲಾಗುವುದನ್ನು ಮಂಡ್ಯ ಸೀಮೆಯವರಾದ ನಾವು ಕಂಡಿದ್ದೇವೆ; ತಮ್ಮನಿಗೂ ಹಾಗಾಯಿತೇ ಎಂದು ನೀವು ಕೇಳಿದಿರಾ? ನನ್ನ ಮಟ್ಟಿಗೆ, ತನ್ನ ಶುದ್ಧತೆಯನ್ನು ಎತ್ತಿ ತೋರಿಸುವವರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ, ಕಾರಣ ತಿಳಿಯದೆ ತಪ್ಪೂ ನಿಲ್ಲುವುದಿಲ್ಲ. ಕುಡಿತ ಚಟವಾಗಿದ್ದರೆ ಅದಕ್ಕೆ ಚಿಕಿತ್ಸೆಯಿದೆ. ಅಮಲಿಳಿದ ಬೆಳಗಿನಲ್ಲಿ ಮೊದಲು ತಮ್ಮನ ಮಾತು ಕೇಳಿ, ಆಮೇಲೆ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಜೊತೆಯಲ್ಲೇ ಹೋಗಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್‌ನ ಆಪ್ತಸಮಾಲೋಚಕರೂ ಉಚಿತವಾಗಿ ಮಾತನಾಡುತ್ತಾರೆ.